ಪಟ್ಟಿಯಲ್ಲಿ ‘ಅನರ್ಹ’ ಎಂದು ಬಂದರೆ ಮೊದಲು ಏನು ಮಾಡಬೇಕು?

ಪ್ರಶ್ನೆ: ನನಗೆ 29 ವರ್ಷ. ಹಾವೇರಿ ಜಿಲ್ಲೆಯ ಹಳ್ಳಿಯವನು, ಬಿ.ಕಾಂ. ಆಗಿದೆ, ಪ್ರವರ್ಗ 2ಎ. ರಾಜ್ಯ ಸರ್ಕಾರದ ಹುದ್ದೆಗಳಿಗೆ ಮೂರು ಸಲ ಪರೀಕ್ಷೆ ಬರೆದು ದಾಖಲೆ ಪರಿಶೀಲನೆವರೆಗೂ ಹೋದೆ. ಮೊದಲ ಸಲ, ಪದವಿಯ ಫಲಿತಾಂಶ ಅರ್ಜಿಯ ಕೊನೆಯ ದಿನಾಂಕ ಕಳೆದು 12 ದಿನಕ್ಕೆ ಬಂದಿದೆ ಎಂದು ಕೈಬಿಟ್ಟರು. ಎರಡನೇ ಸಲ ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ ಎಂದು ಸಾಮಾನ್ಯ ವರ್ಗಕ್ಕೆ ಹಾಕಿದರು, ಅಲ್ಲಿ ಅಂಕ ಸಾಲಲಿಲ್ಲ. ಈಗ ತಾತ್ಕಾಲಿಕ ಪಟ್ಟಿಯಲ್ಲಿ ‘ಗ್ರಾಮೀಣ ಮೀಸಲಾತಿಗೆ ಅನರ್ಹ, 8ರಿಂದ 10ನೇ ತರಗತಿಯ ಪ್ರಮಾಣಪತ್ರ ಇಲ್ಲ’ ಎಂದು ಬಂದಿದೆ. ಆಕ್ಷೇಪಣೆಗೆ 7 ದಿನ ಕೊಟ್ಟಿದ್ದಾರೆ, 4 ದಿನ ಕಳೆದೇಹೋಯಿತು. ನಾನು ನಿಜವಾಗಿಯೂ ಅನರ್ಹನೇ? ಇದನ್ನು ಬೇಕೆಂದೇ ಮಾಡುತ್ತಾರಾ? ಕೋರ್ಟಿಗೆ ಹೋದರೆ ಸಿಗುತ್ತದೆಯೇ? ಊರಲ್ಲಿ ಮುಖ ತೋರಿಸುವುದೇ ಕಷ್ಟವಾಗಿದೆ.

ಉತ್ತರ: ನಿಮ್ಮ ಕೈಯಲ್ಲಿ ಇನ್ನು 3 ದಿನ ಇದೆ. ಆದ್ದರಿಂದ ಹಳೆಯ ಎರಡು ಸಲದ ಮಾತನ್ನು ಆಮೇಲೆ ನೋಡೋಣ, ಮೊದಲು ಈ ಮೂರು ದಿನದ ಕೆಲಸ.

ಅರ್ಜಿ ಹಾಕಿದಾಗ ತೆಗೆದಿಟ್ಟ ಪ್ರಿಂಟ್‌ಔಟ್ ಹುಡುಕಿ. ಅದರಲ್ಲಿ ‘ಗ್ರಾಮೀಣ ಅಭ್ಯರ್ಥಿಯೇ?’ ಎಂಬಲ್ಲಿ ‘ಹೌದು’ ಎಂದು ಇದೆಯೇ ನೋಡಿ. ಇದ್ದರೆ ಮುಂದಿನ ದಾರಿ ಇದೆ. ‘ಇಲ್ಲ’ ಎಂದಿದ್ದರೆ ಈ ಹೋರಾಟವನ್ನು ಇಲ್ಲಿಗೇ ಬಿಡುವುದು ಒಳ್ಳೆಯದು. ಅರ್ಜಿಯಲ್ಲೇ ಕೇಳದ ಮೀಸಲಾತಿಯನ್ನು ಪರಿಶೀಲನೆಯ ಹಂತದಲ್ಲಿ ಕೇಳಿದರೆ ಪರಿಗಣಿಸುವುದಿಲ್ಲ ಎಂದು ಅಧಿಸೂಚನೆಯಲ್ಲೇ ಬರೆದಿರುತ್ತಾರೆ, ಅದರಂತೆಯೇ ನಡೆಯುತ್ತಾರೆ.

ಗ್ರಾಮೀಣ ಮೀಸಲಾತಿ ರಾಜ್ಯದ ನೇಮಕಾತಿಯಲ್ಲಿ ಶೇ. 25ರಷ್ಟಿದೆ. ಅದಕ್ಕೆ 1ರಿಂದ 10ನೇ ತರಗತಿವರೆಗೆ ಪೂರ್ತಿ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಹುಟ್ಟಿದ್ದು, ಮನೆ ಇರುವುದು, ಹೊಲ ಇರುವುದು ಹಳ್ಳಿಯಲ್ಲಿ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹಳ್ಳಿಯ ಮನೆಯಿಂದ ದಿನಾ ಬಸ್ಸಿನಲ್ಲಿ ತಾಲ್ಲೂಕು ಕೇಂದ್ರದ ಹೈಸ್ಕೂಲಿಗೆ ಹೋಗಿ ಬಂದವರು ಗ್ರಾಮೀಣ ಅಭ್ಯರ್ಥಿಯಲ್ಲ. ನಿಮ್ಮ ಹೈಸ್ಕೂಲು ಎಲ್ಲಿತ್ತು ಎಂದು ನೀವು ಬರೆದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿತ್ತು ಎಂದಿಟ್ಟುಕೊಂಡೇ ಹೇಳುತ್ತೇನೆ. ನೀವು ಓದಿ ಮುಗಿಸಿದ ಮೇಲೆ ಆ ಊರು ಪಟ್ಟಣ ಪಂಚಾಯಿತಿ ಆಗಿದ್ದರೆ, ಯಾವ ದಿನಾಂಕದಿಂದ ಆಯಿತು ಎಂಬುದಕ್ಕೆ ಪಟ್ಟಣ ಪಂಚಾಯಿತಿಯಿಂದಲೇ ಒಂದು ಪತ್ರ ಪಡೆಯಿರಿ. ಪರಿಶೀಲನೆಗೆ ಕೂತವರಿಗೆ ಇವತ್ತಿನ ನಕ್ಷೆ ಮಾತ್ರ ಕಣ್ಣಿಗೆ ಬೀಳುತ್ತದೆ, ನೀವು ಓದಿದ ವರ್ಷಗಳಲ್ಲಿ ಅದು ಹಳ್ಳಿಯಾಗಿತ್ತು ಎಂಬುದನ್ನು ನೀವೇ ತೋರಿಸಬೇಕು.

ಇದಕ್ಕೆ ಬೇಕಾದ ಪ್ರಮಾಣಪತ್ರ ನಮೂನೆ-2. ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಶಾಲೆಯ ಮೊಹರು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು, ಅಂದರೆ ದೃಢೀಕರಿಸುವ ಸಹಿ, ಮತ್ತು ಮೊಹರು. ನೀವು 2ಎ ಆದ್ದರಿಂದ ನಮೂನೆ-1 ಬೇಕಾಗಿಲ್ಲ. ಅದು ಸಾಮಾನ್ಯ ಅರ್ಹತೆಯವರು ಮೇಲುಸ್ತರಕ್ಕೆ (ಕೆನೆಪದರಕ್ಕೆ) ಸೇರಿಲ್ಲ ಎಂದು ತಹಶೀಲ್ದಾರರಿಂದ ತರುವ ಪತ್ರ.

ಎಡವುವುದು ಎಲ್ಲಿ ಎಂದರೆ, ಒಂದು ಶಾಲೆಗೆ ಒಂದು ಪತ್ರ. 1ರಿಂದ 7 ಒಂದು ಊರು, 8ರಿಂದ 10 ಇನ್ನೊಂದು ಊರು ಎಂದಾದರೆ ಎರಡು ನಮೂನೆ-2 ಬೇಕು. ಎರಡು ಶಾಲೆ ಎರಡು ತಾಲ್ಲೂಕಿಗೆ ಸೇರಿದ್ದರೆ ಎರಡು ಬಿಇಒ ಕಚೇರಿಗೆ ಹೋಗಬೇಕು. ನಡುವೆ ಒಂದೇ ಒಂದು ವರ್ಷ ಅಜ್ಜಿ ಮನೆಯಲ್ಲಿದ್ದು 4ನೇ ತರಗತಿ ಅಲ್ಲಿ ಓದಿದ್ದರೆ ಆ ಶಾಲೆಯದೂ ಬೇಕು. ಪ್ರಾಥಮಿಕ ಶಾಲೆಯ ಪತ್ರ ತಂದು ‘ಹೈಸ್ಕೂಲಿನದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೇ ಇದೆಯಲ್ಲ’ ಎಂದುಕೊಳ್ಳುವವರು ತುಂಬಾ ಜನ. ನಿಮಗೂ ಆಗಿರುವುದು ಅದೇ ಇರಬೇಕು.

ನಾಳೆ ಬೆಳಿಗ್ಗೆ ಶಾಲೆ ಶುರುವಾಗುವ ಹೊತ್ತಿಗೆ ಹೈಸ್ಕೂಲಿನಲ್ಲಿರಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಅಧಿಸೂಚನೆಯ ಜೊತೆ ಅನುಬಂಧವಾಗಿ ಕೊಟ್ಟಿರುವ ನಮೂನೆ-2ರ ಖಾಲಿ ಹಾಳೆ ಎರಡು ಪ್ರತಿ, ಇಷ್ಟು ಜೊತೆಗಿರಲಿ. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಯಾವುದೋ ಹಳೆಯ ಫಾರಂ ಬೇಡ, ಆ ಅಧಿಸೂಚನೆಯದೇ ಆಗಬೇಕು. ಮುಖ್ಯೋಪಾಧ್ಯಾಯರು ದಾಖಲಾತಿ ವಹಿ ನೋಡಿ ತುಂಬುತ್ತಾರೆ. ಅವರು ಸಹಿ ಹಾಕುವ ಮುಂಚೆ ನಾಲ್ಕು ಕಡೆ ಕಣ್ಣಾಡಿಸಿ. ನಿಮ್ಮ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವ ಹಾಗೇ, ಇನಿಷಿಯಲ್ ಸಮೇತ ಇದೆಯೇ. ಎಷ್ಟನೇ ತರಗತಿಯಿಂದ ಎಷ್ಟನೇ ತರಗತಿವರೆಗೆ ಎಂಬುದು ಸ್ಪಷ್ಟವಾಗಿದೆಯೇ. ಯಾವ ವರ್ಷದಿಂದ ಯಾವ ವರ್ಷ ಎಂಬುದು ವರ್ಗಾವಣೆ ಪತ್ರಕ್ಕೆ ಹೊಂದುತ್ತದೆಯೇ. ಶಾಲೆ ಇರುವ ಗ್ರಾಮ, ತಾಲ್ಲೂಕಿನ ಹೆಸರು ಬರೆದಿದೆಯೇ. ಸಹಿಯ ಕೆಳಗೆ ದಿನಾಂಕ ಇಲ್ಲದ ಪತ್ರ, ಮೊಹರು ಅರ್ಧ ಬಿದ್ದು ಶಾಲೆಯ ಹೆಸರೇ ಓದಲಾಗದ ಪತ್ರ, ಹೊಡೆದುಹಾಕಿ ತಿದ್ದಿದ ಕಡೆ ಸಹಿ ಇಲ್ಲದ ಪತ್ರ, ಈ ಮೂರೂ ಮೇಜಿನಿಂದ ವಾಪಸ್ ಬರುತ್ತವೆ.

ಅಲ್ಲಿಂದ ನೇರ ಬಿಇಒ ಕಚೇರಿಗೆ ಹೋಗಿ. ಸಾಹೇಬರು ಸಭೆಗೆ ಹೋಗಿದ್ದಾರೆ ಎಂದರೆ ಬರಿಗೈಯಲ್ಲಿ ಮನೆಗೆ ಬರಬೇಡಿ. ಒಂದು ಮನವಿ ಬರೆದು ಪತ್ರದ ಜೊತೆ ಆವಕದಲ್ಲಿ (ಪತ್ರ ಸ್ವೀಕರಿಸುವ ವಿಭಾಗದಲ್ಲಿ) ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ. ಮೇಲುರುಜು ಒಂದು ದಿನ ತಡವಾದರೂ ‘ಅವಧಿಯೊಳಗೆ ಕೇಳಿದ್ದೆ’ ಎನ್ನುವುದಕ್ಕೆ ಆ ಮೊಹರೇ ಸಾಕ್ಷಿ.

ಆಕ್ಷೇಪಣೆಯ ಪತ್ರಕ್ಕೆ ಇದು ಸಾಕು:

‘ವಿಷಯ: ತಾತ್ಕಾಲಿಕ ಆಯ್ಕೆ ಪಟ್ಟಿಗೆ ಆಕ್ಷೇಪಣೆ, ಗ್ರಾಮೀಣ ಮೀಸಲಾತಿ ಪರಿಗಣಿಸದಿರುವ ಬಗ್ಗೆ.
ಉಲ್ಲೇಖ: 1) ಅಧಿಸೂಚನೆ ಸಂಖ್ಯೆ ಮತ್ತು ದಿನಾಂಕ. 2) ತಾತ್ಕಾಲಿಕ ಪಟ್ಟಿಯ ದಿನಾಂಕ, ಅದರಲ್ಲಿ ನನ್ನ ಕ್ರಮ ಸಂಖ್ಯೆ, ನೋಂದಣಿ ಸಂಖ್ಯೆ.
ಮೇಲ್ಕಂಡ ಪಟ್ಟಿಯಲ್ಲಿ 8ರಿಂದ 10ನೇ ತರಗತಿಯ ನಮೂನೆ-2 ಇಲ್ಲವೆಂಬ ಕಾರಣಕ್ಕೆ ನನ್ನ ಗ್ರಾಮೀಣ ಮೀಸಲಾತಿಯನ್ನು ಪರಿಗಣಿಸಿರುವುದಿಲ್ಲ. ಅರ್ಜಿಯಲ್ಲಿ ಸದರಿ ಮೀಸಲಾತಿಯನ್ನು ಕೋರಿರುತ್ತೇನೆ. 1ರಿಂದ 7ನೇ ತರಗತಿಯ ನಮೂನೆ-2 ಈಗಾಗಲೇ ತಮ್ಮಲ್ಲಿದೆ. 8ರಿಂದ 10ನೇ ತರಗತಿಯನ್ನು ಇಂಥ ಗ್ರಾಮದ ಇಂಥ ಪ್ರೌಢಶಾಲೆಯಲ್ಲಿ ಇಂಥ ವರ್ಷಗಳಲ್ಲಿ ವ್ಯಾಸಂಗ ಮಾಡಿರುತ್ತೇನೆ. ಅರ್ಜಿಯ ಕೊನೆಯ ದಿನಾಂಕಕ್ಕಿಂತ ಬಹಳ ಮುಂಚೆಯೇ ಈ ವ್ಯಾಸಂಗ ಮುಗಿದಿದೆ ಎಂಬುದಕ್ಕೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ವರ್ಗಾವಣೆ ಪತ್ರ ಲಗತ್ತಿಸಿದೆ. ನಮೂನೆ-2 ಲಗತ್ತಿಸಿದೆ. ಪರಿಗಣಿಸಿ ಪಟ್ಟಿಯನ್ನು ಪರಿಷ್ಕರಿಸಬೇಕೆಂದು, ಸಾಧ್ಯವಿಲ್ಲವಾದಲ್ಲಿ ಕಾರಣಸಹಿತ ಹಿಂಬರಹ ನೀಡಬೇಕೆಂದು ಕೋರುತ್ತೇನೆ.’

ಕೊನೆಯ ಸಾಲನ್ನು ಯಾವ ಕಾರಣಕ್ಕೂ ಬಿಡಬೇಡಿ. ಹಿಂಬರಹ ಎಂದರೆ ನಿಮ್ಮ ಮನವಿಗೆ ಕಚೇರಿ ಬರೆದುಕೊಡುವ ಉತ್ತರ. ಕೌಂಟರಿನಲ್ಲಿ ‘ಆಗಲ್ಲ ಹೋಗ್ರಿ’ ಎಂದು ಬಾಯಲ್ಲಿ ಹೇಳಿದ್ದನ್ನು ಯಾವ ನ್ಯಾಯಮಂಡಳಿಯ ಮುಂದೂ ಇಡಲಾಗದು. ಬಡತನ, ಎಷ್ಟು ವರ್ಷ ಓದಿದೆ, ಮನೆಯ ಪರಿಸ್ಥಿತಿ ಇವೆಲ್ಲ ಈ ಪತ್ರದಲ್ಲಿ ಬೇಡ. ಅವು ಸುಳ್ಳೆಂದಲ್ಲ. ಓದುವ ಗುಮಾಸ್ತರಿಗೆ ಅಧಿಸೂಚನೆಯ ಯಾವ ಷರತ್ತು, ಯಾವ ಕಾಗದ ಎಂಬುದು ಮೊದಲ ಹತ್ತು ಸಾಲಿನಲ್ಲೇ ಸಿಗಬೇಕು. ಅಧಿಸೂಚನೆಯಲ್ಲಿ ಹೇಳಿದ ದಾರಿಯಲ್ಲಿ, ಅಂದರೆ ಇ-ಮೇಲೋ ಅಂಚೆಯೋ ಖುದ್ದಾಗಿಯೋ, ಅದರಂತೆಯೇ ಕಳಿಸಿ. ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಒಂದು ಪ್ರತಿ ಹಾಕಿ ರಸೀದಿ ಇಟ್ಟುಕೊಳ್ಳಿ.

ಒಪ್ಪುತ್ತಾರೆಯೇ? ಅದು ಅಧಿಸೂಚನೆಯ ಒಂದು ಸಾಲಿನ ಮೇಲೆ ನಿಂತಿದೆ. ‘ಪ್ರಮಾಣಪತ್ರವನ್ನು ಅರ್ಜಿಯ ಕೊನೆಯ ದಿನಾಂಕದೊಳಗೆ ಪಡೆದಿರತಕ್ಕದ್ದು’ ಎಂದಿದ್ದರೆ ಕಷ್ಟ, ಏಕೆಂದರೆ ನಿಮ್ಮ ಹೊಸ ಪತ್ರದ ಮೇಲೆ ಈ ವಾರದ ದಿನಾಂಕ ಇರುತ್ತದೆ. ‘ಪರಿಶೀಲನೆ ವೇಳೆ ಹಾಜರುಪಡಿಸತಕ್ಕದ್ದು’ ಎಂದಷ್ಟೇ ಇದ್ದರೆ ನಿಮ್ಮ ವಾದಕ್ಕೆ ಬಲ ಇದೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಸುಪ್ರೀಂ ಕೋರ್ಟು 2004ರ ಡಾಲಿ ಛಂದಾ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಅರ್ಹತೆ ನಿಗದಿತ ದಿನಾಂಕಕ್ಕೆ ಇರಲೇಬೇಕು, ಅದರಲ್ಲಿ ಸಡಿಲಿಕೆ ಇಲ್ಲ. ಆ ಅರ್ಹತೆಗೆ ಪುರಾವೆ ಕೊಡುವ ವಿಷಯದಲ್ಲಿ ಮಾತ್ರ ಸಂದರ್ಭ ನೋಡಿ ಸಡಿಲಿಕೆ ಸಾಧ್ಯ. ಅದು ಒಡಿಶಾದ ವೈದ್ಯಕೀಯ ಪ್ರವೇಶದ ಪ್ರಕರಣ, ಆದರೆ ತತ್ವವನ್ನು ನೇಮಕಾತಿ ವ್ಯಾಜ್ಯಗಳಲ್ಲೂ ಎತ್ತುತ್ತಾರೆ. ನೀವು 10ನೇ ತರಗತಿ ಮುಗಿಸಿದ್ದು ಹತ್ತು ವರ್ಷಕ್ಕೂ ಹಿಂದೆ. ಹಳ್ಳಿಯಲ್ಲಿ ಓದಿದ್ದು ಈ ವಾರ ಹುಟ್ಟಿಕೊಂಡ ಸಂಗತಿಯಲ್ಲ, ಕಾಗದ ಮಾತ್ರ ಈ ವಾರದ್ದು. ನಿಮ್ಮ ವಾದದ ಬೆನ್ನೆಲುಬು ಇಷ್ಟೇ.

ಈ ವ್ಯತ್ಯಾಸವನ್ನು ಹಿಡಿದುಕೊಂಡು ನಿಮ್ಮ ಹಿಂದಿನ ಎರಡು ಸಲವನ್ನೂ ನೋಡಿ. ‘ಅನರ್ಹ’ ಎಂಬ ಒಂದೇ ಪದವನ್ನು ಪಟ್ಟಿಯಲ್ಲಿ ಬೇರೆ ಬೇರೆ ಸಂಗತಿಗಳಿಗೆ ಬಳಸುತ್ತಾರೆ. ಹುದ್ದೆಗೆ ಬೇಕಾದ ಓದೇ ಆ ದಿನಕ್ಕೆ ಇಲ್ಲ ಎಂಬುದು ಒಂದು. ಓದು ಇದೆ, ಮೀಸಲಾತಿ ಮಾತ್ರ ಸಿಗಲಿಲ್ಲ ಎಂಬುದು ಇನ್ನೊಂದು. ಮೂರನೆಯದರಲ್ಲಿ ಎರಡೂ ಇವೆ, ಕಾಗದ ಸರಿಯಿಲ್ಲ. ನಿಮ್ಮ ಮೂರು ಸಲಕ್ಕೆ ಈ ಮೂರೂ ಒಂದೊಂದಾಗಿ ಬಂದಿವೆ. ಎಲ್ಲವನ್ನೂ ಒಂದೇ ಗಂಟು ಕಟ್ಟಿ ‘ನಾನು ಅನರ್ಹ’ ಎಂದು ತಲೆಯ ಮೇಲೆ ಹೊತ್ತಿದ್ದೀರಿ. ಒಂದು ವಿಷಯ ಗಮನಿಸಿ. ಪರೀಕ್ಷೆಯಲ್ಲಿ ಅಂಕ ಬಾರದವರನ್ನು ದಾಖಲೆ ಪರಿಶೀಲನೆಗೆ ಕರೆಯುವುದೇ ಇಲ್ಲ. ನಿಮ್ಮನ್ನು ಮೂರು ಸಲ ಕರೆದಿದ್ದಾರೆ.

ಮೊದಲ ಸಲದ್ದು, ಫಲಿತಾಂಶ 12 ದಿನ ತಡ. ಇದರಲ್ಲಿ ಕಚೇರಿಯ ನಿರ್ಧಾರ ಸರಿ, ಕೋರ್ಟಿಗೆ ಹೋಗಿದ್ದರೂ ಸಿಗುತ್ತಿರಲಿಲ್ಲ. ಜಮ್ಮು-ಕಾಶ್ಮೀರದ ಕಿರಿಯ ಎಂಜಿನಿಯರ್ ನೇಮಕಾತಿಯಲ್ಲಿ ಇದೇ ಆಗಿತ್ತು. ಅರ್ಜಿಯ ಕೊನೆಯ ದಿನಾಂಕದ ನಂತರ, ಸಂದರ್ಶನಕ್ಕೆ ಮುಂಚೆ ಫಲಿತಾಂಶ ಬಂದವರನ್ನು ಸೇರಿಸಿಕೊಂಡಿದ್ದು ತಪ್ಪು ಎಂದು ಸುಪ್ರೀಂ ಕೋರ್ಟು 1997ರಲ್ಲಿ ಅಶೋಕ್ ಕುಮಾರ್ ಶರ್ಮಾ ಪ್ರಕರಣದಲ್ಲಿ ಹೇಳಿತು. ಕಾರಣ ನ್ಯಾಯವಾದದ್ದೇ. ನಿಮ್ಮ ಹಾಗೇ ಫಲಿತಾಂಶಕ್ಕೆ ಕಾಯುತ್ತಿದ್ದ ಎಷ್ಟೋ ಹುಡುಗರು ಅಧಿಸೂಚನೆ ಓದಿ ‘ನಮಗೆ ಬರುವುದಿಲ್ಲ’ ಎಂದು ಅರ್ಜಿಯನ್ನೇ ಹಾಕಿರುವುದಿಲ್ಲ. ಒಬ್ಬರಿಗೆ ಸಡಿಲಿಸಿದರೆ ಅವರಿಗೆ ಮೋಸ.

ಆದರೆ ಒಂದು ಪರಿಸ್ಥಿತಿ ಬೇರೆ. ಫಲಿತಾಂಶ ಕೊನೆಯ ದಿನಾಂಕಕ್ಕೆ ಮುಂಚೆಯೇ ಪ್ರಕಟವಾಗಿ, ಅಂಕಪಟ್ಟಿ ಮಾತ್ರ ತಡವಾಗಿ ಮುದ್ರಣವಾಗಿರುತ್ತದೆ. ಅಂಕಪಟ್ಟಿಯ ಕೆಳಗೆ ಇರುವ ಮುದ್ರಣದ ದಿನಾಂಕವನ್ನೇ ನೋಡಿ ಅನರ್ಹ ಎಂದುಬಿಡುತ್ತಾರೆ. ಅಂಥವರು ವಿಶ್ವವಿದ್ಯಾಲಯದ ಕುಲಸಚಿವರಿಂದ (ಮೌಲ್ಯಮಾಪನ) ‘ಈ ಸೆಮಿಸ್ಟರಿನ ಫಲಿತಾಂಶ ಇಂಥ ದಿನ ಪ್ರಕಟವಾಗಿದೆ’ ಎಂಬ ಪತ್ರ ತಂದು ಆಕ್ಷೇಪಣೆಗೆ ಲಗತ್ತಿಸಬೇಕು. ನಿಮ್ಮ 12 ದಿನ ಯಾವುದು, ಪ್ರಕಟಣೆಯದೋ ಮುದ್ರಣದ್ದೋ ಎಂದು ಒಮ್ಮೆ ನೋಡಿಕೊಳ್ಳಿ. ಆ ನೇಮಕಾತಿ ಮುಗಿದಿರುತ್ತದೆ, ಆದರೆ ಮುಂದೆ ಯಾವುದೇ ಅರ್ಜಿಯಲ್ಲಿ ತೇರ್ಗಡೆಯಾದ ದಿನಾಂಕ ಕೇಳಿದಾಗ ಸರಿಯಾದದ್ದನ್ನೇ ಬರೆಯಬಹುದು.

ಎರಡನೆಯದು ನನಗೆ ಹೆಚ್ಚು ಬೇಸರ ತರಿಸುವಂಥದ್ದು, ಏಕೆಂದರೆ ಇದು ಪೂರ್ತಿ ತಪ್ಪಿಸಬಹುದಾಗಿದ್ದ ನಷ್ಟ. 2ಎ, 2ಬಿ, 3ಎ, 3ಬಿಯವರ ಜಾತಿ-ಆದಾಯ ಪ್ರಮಾಣಪತ್ರ ನಮೂನೆ-ಎಫ್, ಅದರ ಅವಧಿ 5 ವರ್ಷ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರದು ನಮೂನೆ-ಡಿ, ಪ್ರವರ್ಗ-1ರದು ನಮೂನೆ-ಇ. ಕಾಲೇಜಿಗೆ ಸೇರುವಾಗ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ ಪತ್ರವನ್ನೇ ಪದವಿ ಮುಗಿದು ಎರಡು ವರ್ಷ ಆದ ಮೇಲೂ ಅರ್ಜಿಗೆ ಹಾಕುತ್ತಾರೆ. ಅಷ್ಟರಲ್ಲಿ ಅದು ಸತ್ತಿರುತ್ತದೆ.

ಇದರಲ್ಲಿ ಇನ್ನೊಂದು ಗುಂಡಿ ಇದೆ, ಎಚ್ಚರದಿಂದಿರುವವರೂ ಬೀಳುತ್ತಾರೆ. ಪ್ರಮಾಣಪತ್ರ ಅರ್ಜಿಯ ಕೊನೆಯ ದಿನಾಂಕದೊಳಗೆ ಪಡೆದದ್ದಾಗಿರಬೇಕು ಮತ್ತು ಆ ದಿನ ಚಾಲ್ತಿಯಲ್ಲಿರಬೇಕು. ಅರ್ಜಿ ಹಾಕಿದ ಮೇಲೆ, ಪರೀಕ್ಷೆ ನಡೆದು ಪರಿಶೀಲನೆಗೆ ಕರೆಯುವುದರೊಳಗೆ ಒಂದು ವರ್ಷ ಕಳೆದು ಹಳೆಯ ಪತ್ರದ ಅವಧಿ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಅಭ್ಯರ್ಥಿ ಹೊಸದು ಮಾಡಿಸುತ್ತಾನೆ, ಹಳೆಯದನ್ನು ಎಸೆಯುತ್ತಾನೆ, ಪರಿಶೀಲನೆಗೆ ಹೊಸದನ್ನು ತೋರಿಸುತ್ತಾನೆ. ಹೊಸದರ ದಿನಾಂಕ ಕೊನೆಯ ದಿನಾಂಕದ ನಂತರದ್ದು, ಆದ್ದರಿಂದ ಒಪ್ಪುವುದಿಲ್ಲ. ಬೇಕಾಗಿದ್ದು ಆ ಹಳೆಯದೇ. ಹೊಸ ಪತ್ರ ಬಂದರೂ ಹಳೆಯದನ್ನು ನೇಮಕಾತಿ ಆದೇಶ ಕೈಗೆ ಬರುವವರೆಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇಟ್ಟಿರಿ, ಎರಡನ್ನೂ ತೆಗೆದುಕೊಂಡು ಹೋಗಿ.

ನಾಡಕಚೇರಿಯಲ್ಲಿ ಅರ್ಜಿ ಹಾಕಿದ ದಿನವೇ ಪತ್ರ ಸಿಗುವುದಿಲ್ಲ. ಗ್ರಾಮ ಆಡಳಿತ ಅಧಿಕಾರಿಯ ವರದಿ, ರಾಜಸ್ವ ನಿರೀಕ್ಷಕರ ವರದಿ ಎಲ್ಲ ಆಗಬೇಕು, ಮೂರು ವಾರ ಹಿಡಿಯಬಹುದು. ಅಧಿಸೂಚನೆ ಬಂದ ಮೇಲೆ ಓಡಿದರೆ ಕೊನೆಯ ದಿನಾಂಕ ತಪ್ಪುತ್ತದೆ. ಪತ್ರ ಬಂದ ಮೇಲೆ ಅದರಲ್ಲಿನ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬುವಾಗ ಅಂಕಿ ಅಂಕಿಯಾಗಿ ಇಬ್ಬರು ಕೂತು ಓದಿಕೊಳ್ಳಿ. ಸೈಬರ್ ಸೆಂಟರಿನವರು ಒಂದು ಅಂಕಿ ತಪ್ಪಿಸಿದರೆ ಅನುಭವಿಸುವವರು ನೀವು.

ಮದುವೆಯಾದ ಹೆಣ್ಣುಮಕ್ಕಳು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ ತಂದೆಯ ಹೆಸರಿನ ಜಾತಿ-ಆದಾಯ ಪತ್ರ ಕೊಟ್ಟಿದ್ದ ಎಷ್ಟೋ ವಿವಾಹಿತೆಯರನ್ನು ತಾತ್ಕಾಲಿಕ ಪಟ್ಟಿಯಲ್ಲಿ ಮೀಸಲಾತಿಯಿಂದ ಸಾಮಾನ್ಯಕ್ಕೆ ತಳ್ಳಿದ್ದರು. ಗಂಡನ ಆದಾಯವೋ ತಂದೆಯ ಆದಾಯವೋ ಎಂಬ ವಾದ ಹೈಕೋರ್ಟಿನವರೆಗೆ ಹೋಯಿತು, ನೇಮಕಾತಿಯೂ ಎಳೆದಾಡಿತು. ಅರ್ಜಿ ಹಾಕುವ ಮೊದಲೇ ಆ ಅಧಿಸೂಚನೆಯಲ್ಲಿ ಯಾರ ಹೆಸರಿನ ಪತ್ರ ಕೇಳಿದ್ದಾರೆ ಎಂದು ನೋಡಿ. ಸ್ಪಷ್ಟವಿಲ್ಲದಿದ್ದರೆ ಎರಡೂ ಪತ್ರಗಳನ್ನು ಕೊನೆಯ ದಿನಾಂಕದೊಳಗೆ ಮಾಡಿಸಿ ಇಟ್ಟುಕೊಳ್ಳುವುದೇ ಕ್ಷೇಮ.

ಕೇಂದ್ರ ಸರ್ಕಾರದ ಹುದ್ದೆಗೆ, ರೈಲ್ವೆಗೆ, ಬ್ಯಾಂಕಿಗೆ ಈ ನಮೂನೆ-ಎಫ್ ನಡೆಯುವುದಿಲ್ಲ. ಅಲ್ಲಿ ಕೇಂದ್ರದ ಒಬಿಸಿ ನಮೂನೆಯೇ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಜಾತಿ ಕೇಂದ್ರದ ಪಟ್ಟಿಯಲ್ಲಿ ಇಲ್ಲದಿರಬಹುದು, ಅದನ್ನೂ ನೋಡಬೇಕು.

ಜಾತಿ ಎಂಬುದು ಹುಟ್ಟಿನಿಂದ ಬಂದದ್ದು, ಪತ್ರ ತಡವಾದರೆ ಏನು ಎಂದು ನೀವು ಕೇಳಬಹುದು. 2016ರಲ್ಲಿ ರಾಮ್ ಕುಮಾರ್ ಗಿಜ್ರೋಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತಡವಾಗಿ ಕೊಟ್ಟ ಒಬಿಸಿ ಪತ್ರವನ್ನು ಒಪ್ಪಿತ್ತು. ಅದನ್ನೊಂದೇ ನಂಬಿ ಹೊರಡಬೇಡಿ. 2023ರಲ್ಲಿ ನಾಗರಿಕ ಸೇವಾ ಪರೀಕ್ಷೆಯ ಆರ್ಥಿಕ ದುರ್ಬಲ ವರ್ಗದ ಅಭ್ಯರ್ಥಿಗಳ ಪ್ರಕರಣದಲ್ಲಿ ಅದೇ ನ್ಯಾಯಾಲಯ, ನಿಯಮದಲ್ಲಿ ದಿನಾಂಕ ಹೇಳಿದ್ದರೆ ಆ ದಿನಾಂಕಕ್ಕೆ ಪತ್ರ ಇರಲೇಬೇಕು ಎಂದಿತು. 2ಎ ಎಂಬುದರಲ್ಲಿ ಜಾತಿಯ ಜೊತೆಗೆ ಮೇಲುಸ್ತರಕ್ಕೆ ಸೇರಿಲ್ಲ ಎಂಬ ಆದಾಯದ ಮಾತೂ ಇದೆ. ಆದಾಯ ವರ್ಷವರ್ಷಕ್ಕೆ ಬದಲಾಗುತ್ತದೆ, ಹುಟ್ಟಿನ ವಾದ ಅಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ಬೇಕೆಂದೇ ಮಾಡುತ್ತಾರಾ ಎಂದು ಕೇಳಿದ್ದೀರಿ. ನೀವು ಹೇಳಿದ ಮೂರೂ ಕಾರಣಗಳಲ್ಲಿ ನನಗೆ ಅಂಥದ್ದು ಕಾಣುವುದಿಲ್ಲ. ಪರಿಶೀಲನೆಗೆ ಕೂರುವ ಸಿಬ್ಬಂದಿಯ ಕೈಯಲ್ಲಿ ಒಂದು ತಪಾಸಣಾ ಪಟ್ಟಿ ಇರುತ್ತದೆ. ಕಾಗದ ಇದೆ ಅಥವಾ ಇಲ್ಲ, ದಿನಾಂಕ ಒಳಗೆ ಅಥವಾ ಹೊರಗೆ, ಇಷ್ಟಕ್ಕೇ ಗುರುತು ಹಾಕಬೇಕು. ಕನಿಕರಪಟ್ಟು ಒಬ್ಬರಿಗೆ ಬಿಟ್ಟುಕೊಟ್ಟರೆ, ಕೆಳಗಿನ ಕ್ರಮಾಂಕದ ಅಭ್ಯರ್ಥಿ ಮರುದಿನವೇ ಆಕ್ಷೇಪಣೆ ಹಾಕುತ್ತಾನೆ. ಷರತ್ತು ಸಡಿಲಿಸುವ ಅಧಿಕಾರವನ್ನು ನಿಯಮದಲ್ಲಾಗಲಿ ಜಾಹೀರಾತಿನಲ್ಲಾಗಲಿ ಇಟ್ಟುಕೊಂಡಿರದಿದ್ದರೆ ಸಡಿಲಿಸುವಂತಿಲ್ಲ ಎಂದು 2011ರ ಬೇದಂಗ ತಾಲೂಕ್‌ದಾರ್ ತೀರ್ಪು ಇದೆ. ಆದರೆ ಪಟ್ಟಿಯಲ್ಲಿ ಕಾರಣವನ್ನೇ ಬರೆಯದೆ ಬರೀ ‘ಅನರ್ಹ’ ಎಂದು ಹಾಕುವುದನ್ನು ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಓದಿದವರಿಗೆ ಒಂದು ಸಾಲಿನ ಕಾರಣ ಕೊಡುವುದು ಕಚೇರಿಯ ಕರ್ತವ್ಯ. ಕಾರಣ ಇಲ್ಲದ ಕಡೆ ಆಕ್ಷೇಪಣೆಯಲ್ಲೇ ಕಾರಣ ಕೇಳಿ, ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ‘ನನಗೇಕೆ ಅನ್ಯಾಯ ಮಾಡಿದಿರಿ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ‘ನನ್ನ ನೋಂದಣಿ ಸಂಖ್ಯೆಗೆ ಸಂಬಂಧಿಸಿದ ದಾಖಲೆ ಪರಿಶೀಲನಾ ಹಾಳೆಯ ಪ್ರತಿ ಮತ್ತು ಕಡತದ ಟಿಪ್ಪಣಿಯ ಪ್ರತಿ ಕೊಡಿ’ ಎಂದು ಇರುವ ಕಾಗದವನ್ನು ಕೇಳಿ. ಉತ್ತರಕ್ಕೆ 30 ದಿನ ಇರುತ್ತದೆ, ಆದ್ದರಿಂದ ಇದು ಆಕ್ಷೇಪಣೆಗೆ ಬದಲಿಯಲ್ಲ. ಮುಂದೆ ನ್ಯಾಯಮಂಡಳಿಗೆ ಹೋಗಬೇಕಾದರೆ ಈ ಹಾಳೆ ಉಪಯೋಗಕ್ಕೆ ಬರುತ್ತದೆ.

ಇನ್ನು ಕೋರ್ಟು. ರಾಜ್ಯ ಸರ್ಕಾರದ ಸಿವಿಲ್ ಹುದ್ದೆಯ ನೇಮಕಾತಿ ವ್ಯಾಜ್ಯಕ್ಕೆ ಮೊದಲು ಹೋಗಬೇಕಾದ್ದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ. ಬೆಂಗಳೂರು, ಬೆಳಗಾವಿ, ಕಲಬುರಗಿಗಳಲ್ಲಿ ಪೀಠಗಳಿವೆ. ನೇರ ಹೈಕೋರ್ಟಿಗೆ ಹೋದರೆ ಸಾಮಾನ್ಯವಾಗಿ ಅಲ್ಲಿಗೇ ಕಳಿಸುತ್ತಾರೆ. ನಿಗಮ, ಮಂಡಳಿಗಳ ಹುದ್ದೆಯಾದರೆ ದಾರಿ ಬೇರೆ, ಹೈಕೋರ್ಟಿನ ರಿಟ್ ಆಗಬಹುದು, ವಕೀಲರನ್ನು ಮೊದಲು ಇದನ್ನೇ ಕೇಳಿ. ಆಡಳಿತ ನ್ಯಾಯಮಂಡಳಿ ಕಾಯ್ದೆಯಲ್ಲಿ ಅರ್ಜಿಗೆ ಒಂದು ವರ್ಷದ ಕಾಲಮಿತಿ ಇದೆ. ಆದರೆ ನೇಮಕಾತಿಯಲ್ಲಿ ಒಂದು ವರ್ಷ ಕಾಯುವುದೆಂದರೆ ಬಸ್ಸು ಹೋದ ಮೇಲೆ ನಿಲ್ದಾಣಕ್ಕೆ ಬಂದ ಹಾಗೆ. ಅಂತಿಮ ಪಟ್ಟಿ ಬಂದು ಬೇರೆಯವರು ಕೆಲಸಕ್ಕೆ ಸೇರಿದ ಮೇಲೆ ಅವರನ್ನು ಎಬ್ಬಿಸುವುದು ಬಹಳ ಕಷ್ಟ, ಅವರನ್ನು ಪ್ರತಿವಾದಿ ಮಾಡದಿದ್ದರೆ ಅರ್ಜಿಯೇ ಬೀಳಬಹುದು. ಹಿಂಬರಹ ಬಂದ ವಾರದಲ್ಲೇ ಹೋಗಿ, ತೀರ್ಪು ಬರುವವರೆಗೆ ಒಂದು ಹುದ್ದೆಯನ್ನು ಖಾಲಿ ಇಡುವಂತೆ ಮಧ್ಯಂತರ ಆದೇಶ ಕೇಳಬೇಕು.

ಹೋಗುವ ಮುಂಚೆ ಒಂದು ಲೆಕ್ಕ ಹಾಕಿ. ಗ್ರಾಮೀಣ ಮೀಸಲಾತಿ ಸಿಕ್ಕರೆ ನೀವು 2ಎ-ಗ್ರಾಮೀಣದ ಕಟ್‌ಆಫ್ ದಾಟುತ್ತೀರಾ? ಅದು ಸಿಗದಿದ್ದರೂ 2ಎ-ಇತರೆಯಲ್ಲಿ, ಅಂದರೆ 2ಎ ವರ್ಗದೊಳಗೆ ಗ್ರಾಮೀಣದಂಥ ಒಳಮೀಸಲಾತಿ ಇಲ್ಲದ ಹುದ್ದೆಗಳಲ್ಲಿ, ನಿಮ್ಮ ಅಂಕ ಎಲ್ಲಿ ನಿಲ್ಲುತ್ತದೆ? ಗ್ರಾಮೀಣ ಹಕ್ಕು ಬಿದ್ದುಹೋದರೆ ಹುದ್ದೆಗೇ ಅನರ್ಹರಾಗುವುದಿಲ್ಲ, ನಿಮ್ಮ ವರ್ಗದ ‘ಇತರೆ’ಯಲ್ಲಿ ನಿಮ್ಮನ್ನು ಪರಿಗಣಿಸಲೇಬೇಕು. ಪಟ್ಟಿಯಲ್ಲಿ ಹಾಗೆ ಪರಿಗಣಿಸಿದ್ದಾರೆಯೇ ಎಂದು ನೋಡಿ. ಇಲ್ಲದಿದ್ದರೆ ಆಕ್ಷೇಪಣೆಯಲ್ಲಿ ಅದನ್ನೂ ಒಂದು ಸಾಲು ಸೇರಿಸಿ. ಎರಡೂ ಕಡೆ ಕಟ್‌ಆಫ್‌ಗಿಂತ ಕೆಳಗಿದ್ದರೆ ವಕೀಲರಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ದಾಟುವಂತಿದ್ದು ಹಣದ ತೊಂದರೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ, ಉಳಿದವರಿಗೆ ಆದಾಯದ ಮಿತಿಯೊಳಗಿದ್ದರೆ ಉಚಿತ ವಕೀಲರನ್ನು ಕೊಡುತ್ತಾರೆ.

ಕೋರ್ಟು ಅಭ್ಯರ್ಥಿಯ ಪರ ನಿಂತ ಒಂದು ಪ್ರಕರಣ ಹೇಳುತ್ತೇನೆ. ಬಿಹಾರದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ವಶಿಷ್ಠ ನಾರಾಯಣ ಕುಮಾರ್ ಎಂಬ ಅಭ್ಯರ್ಥಿಯ ಆನ್‌ಲೈನ್ ಅರ್ಜಿಯಲ್ಲಿ ಜನ್ಮದಿನಾಂಕ 18-12-1997ರ ಬದಲು 8-12-1997 ಎಂದು ಬಿದ್ದಿತ್ತು. ಎಲ್ಲ ಹಂತ ದಾಟಿದ ಮೇಲೆ ಅದೇ ಕಾರಣಕ್ಕೆ ಅನುತ್ತೀರ್ಣ ಎಂದರು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅವರನ್ನು ತೇರ್ಗಡೆ ಎಂದು ಪರಿಗಣಿಸಲು ಹೇಳಿತು. ಆ ತಪ್ಪಿನಿಂದ ಅವರಿಗೆ ಯಾವ ಲಾಭವೂ ಇರಲಿಲ್ಲ, ಯಾವ ದಿನಾಂಕ ಹಿಡಿದರೂ ವಯಸ್ಸಿನ ಅರ್ಹತೆ ಇತ್ತು. ನಿಮ್ಮ ತಪ್ಪು ಯಾವ ಬಗೆಯದು ಎಂದು ಅಳೆಯಲು ಇದೇ ಅಳತೆ. ತಪ್ಪಿನಿಂದ ನಿಮಗೆ ಲಾಭವಾಗುವಂತಿದ್ದರೆ ಉಳಿಗಾಲವಿಲ್ಲ, ಆಗದಿದ್ದರೆ ವಾದಕ್ಕೆ ಜಾಗ ಇದೆ.

ನಿಮಗೆ ಸಂಬಂಧಿಸದಿದ್ದರೂ ಇದೇ ಸ್ಥಿತಿಯ ಇತರರಿಗಾಗಿ ಕೆಲವು ಮಾತು. ಶೇ. 50 ಬೇಕಾದ ಕಡೆ 49.9 ಇದ್ದರೆ ಅದು 49.9 ಮಾತ್ರ. ಒಡಿಶಾದ ನ್ಯಾಯಾಂಗ ಸೇವೆ ಪರೀಕ್ಷೆಯಲ್ಲಿ 44.93ನ್ನು 45 ಎಂದು ಏರಿಸಲು ಸುಪ್ರೀಂ ಕೋರ್ಟು 2011ರಲ್ಲಿ ಒಪ್ಪಲಿಲ್ಲ. ಸಿಜಿಪಿಎ ಇರುವವರು ನಿಮ್ಮ ವಿಶ್ವವಿದ್ಯಾಲಯದ ಸೂತ್ರದಲ್ಲೇ ಶೇಕಡಾವಾರು ಮಾಡಿ, ಅದರ ಪತ್ರವನ್ನೂ ಪಡೆದಿಟ್ಟುಕೊಳ್ಳಿ. ಡಿಪ್ಲೊಮಾ ಕೇಳಿದ ಹುದ್ದೆಗೆ ಬಿ.ಇ. ಇದ್ದರೆ ತಾನಾಗಿ ಅರ್ಹತೆ ಬರುವುದಿಲ್ಲ, ನೇಮಕಾತಿ ನಿಯಮದಲ್ಲಿ ಹಾಗೆಂದು ಇರಬೇಕು. 2018ರ ಝಹೂರ್ ಅಹ್ಮದ್ ರಾಥರ್ ತೀರ್ಪಿನ ಸಾರ ಇದೇ. ಪಿಯುಸಿ ಕೇಳಿದ ಕಡೆ ಐಟಿಐ, ಡಿಪ್ಲೊಮಾದವರು ‘ತತ್ಸಮಾನ’ ಎಂಬ ಪದ ನೋಡಿ ನಂಬಬೇಡಿ, ಯಾವ ಆದೇಶದಂತೆ ತತ್ಸಮಾನ ಎಂಬುದು ಅಧಿಸೂಚನೆಯಲ್ಲಿರಬೇಕು. ದೂರಶಿಕ್ಷಣದ ಪದವಿ ಇರುವವರು ನೀವು ಓದಿದ ವರ್ಷಕ್ಕೆ ಯುಜಿಸಿ ಮಾನ್ಯತೆ ಇತ್ತೇ ನೋಡಬೇಕು. ರಾಜ್ಯದ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಗೇ 2013-14ರಿಂದ ತೊಡಕಾಗಿ, 2018ರಲ್ಲಿ ಮತ್ತೆ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಸೇರಿದವರು ಪಟ್ಟ ಪಾಡು ಸಣ್ಣದಲ್ಲ. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದಕ್ಕೆ ಉಪವಿಭಾಗಾಧಿಕಾರಿ ಕೊಡುವ, ಸಂವಿಧಾನದ 371ಜೆ ವಿಧಿಯ ಪ್ರಮಾಣಪತ್ರವೇ ಬೇಕು, ತಹಶೀಲ್ದಾರರ ವಾಸಸ್ಥಳ ಪತ್ರ ಅದರ ಬದಲಿಗೆ ನಡೆಯದು. ಕಡ್ಡಾಯ ಕನ್ನಡ ಪರೀಕ್ಷೆ ಇರುವ ನೇಮಕಾತಿಗಳಲ್ಲಿ 150ಕ್ಕೆ 50 ಬಾರದಿದ್ದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟು ಬಂದರೂ ಹೆಸರು ಬರುವುದಿಲ್ಲ. ಕನ್ನಡದವರೇ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ.

ಊರಲ್ಲಿ ಮುಖ ತೋರಿಸಲಾಗುತ್ತಿಲ್ಲ ಎಂದಿದ್ದೀರಿ. ಕೇಳಿದವರಿಗೆ ‘ಅನರ್ಹ ಅಂದರು’ ಎನ್ನಬೇಡಿ, ‘ಹೈಸ್ಕೂಲಿನ ಒಂದು ಪತ್ರ ಕೊಡಬೇಕಿತ್ತು, ಕೊಡುತ್ತಿದ್ದೇನೆ’ ಎನ್ನಿ. ನಡೆದಿರುವುದೂ ಅಷ್ಟೇ. ರಾತ್ರಿ ನಿದ್ದೆ ಬಾರದೆ, ಬದುಕೇ ಬೇಡ ಎನ್ನುವಂಥ ಯೋಚನೆ ಸುಳಿದರೆ 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್. ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು.

2ಎ ವರ್ಗಕ್ಕೆ ಸಾಮಾನ್ಯ ನೇಮಕಾತಿ ನಿಯಮಗಳಲ್ಲಿ ಗರಿಷ್ಠ ವಯಸ್ಸು 38, ನಿಮಗೆ 29. ಹೈಸ್ಕೂಲಿಗೂ ಬಿಇಒ ಕಚೇರಿಗೂ ಓಡಾಡುವ ಈ ಮೂರು ದಿನದಲ್ಲೇ ನಾಡಕಚೇರಿ ಹಾದಿಯಲ್ಲಿ ಸಿಕ್ಕರೆ ಒಳಗೆ ಹೋಗಿ, ನಿಮ್ಮ ನಮೂನೆ-ಎಫ್ ಅವಧಿ ಎಂದು ಮುಗಿಯುತ್ತದೆ ಎಂದು ನೋಡಿಕೊಂಡು, ಆರು ತಿಂಗಳಿಗಿಂತ ಕಡಿಮೆ ಇದ್ದರೆ ಹೊಸದಕ್ಕೆ ಅರ್ಜಿ ಕೊಟ್ಟು ಬನ್ನಿ. ನಮೂನೆ-2 ಎರಡೂ ಶಾಲೆಯದನ್ನು ಎರಡೆರಡು ಮೂಲ ಪ್ರತಿ ಮಾಡಿಸಿ. ಒಂದು ಆಕ್ಷೇಪಣೆಗೆ ಹೋಗುತ್ತದೆ, ಇನ್ನೊಂದು ಮುಂದಿನ ಅಧಿಸೂಚನೆಗೆ ಈಗಲೇ ದಿನಾಂಕ ಹಾಕಿ ಸಿದ್ಧವಾಗಿರುತ್ತದೆ.